ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ಪಿಕಪ್‌ನ ಮುಂಭಾಗ ಎತ್ತುವ ಮುನ್ನ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಇಸುಝು ವಿ-ಕ್ರಾಸ್ ಇದೆ, ಟಯರು 255/60 ಆರ್18. ಗಾಡಿಯ ಮೂಗು ತಗ್ಗಿದಂತೆ ಕಾಣುತ್ತದೆ. ಲೆವೆಲಿಂಗ್ ಕಿಟ್ (ಮುಂಭಾಗವನ್ನು ಎತ್ತಿ ಹಿಂಭಾಗಕ್ಕೆ ಸಮ ಮಾಡುವ ಬಿಡಿಭಾಗಗಳು) ಹಾಕಿಸಿ 265/65 ಆರ್18 ಟಯರಿಗೆ ಹೋಗಬೇಕೆಂದಿದ್ದೇನೆ. ಎಷ್ಟು ಎತ್ತಬಹುದು? ಕೆಲಸ ಹೇಗೆ ಮಾಡಿಸಬೇಕು?

ಉತ್ತರ: ಆ ತಗ್ಗು ದೋಷವಲ್ಲ. ಭಾರ ಬಿದ್ದಾಗ ಹಿಂದಿನ ಕಮಾನು ಪಟ್ಟಿಗಳು ಕುಸಿಯುತ್ತವೆ, ಅದಕ್ಕೆಂದೇ ಹಿಂಭಾಗವನ್ನು ಎತ್ತರ ಇಟ್ಟಿರುತ್ತಾರೆ. ಹಾಗಾಗಿ ಖಾಲಿ ಗಾಡಿ ನೋಡಿ ಅಳತೆ ತೀರ್ಮಾನಿಸಬೇಡಿ. ನಾಲ್ಕು ಮೂಟೆ ಗೊಬ್ಬರ, ಅಂದರೆ 200 ಕೆಜಿ ಹೇರಿ, ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಬಾಗಿಲುಗಳ ಕೆಳಗೆ ಚಾಸಿ ನೇರವಾಗಿರುವ ಕಡೆ ಎರಡೂ ತುದಿಯ ಎತ್ತರ ಅಳೆಯಿರಿ. ಆ ಭಾರಕ್ಕೇ ಚಾಸಿ ಮಟ್ಟವಾಗಿಬಿಟ್ಟರೆ ಮುಂದೆ ಎತ್ತುವ ಅಗತ್ಯವೇ ಇಲ್ಲ. ಎತ್ತಿದರೆ ಭಾರ ಹೇರಿದಾಗಲೆಲ್ಲ ಮೂಗು ಆಕಾಶ ನೋಡುತ್ತದೆ, ಸ್ಟೇರಿಂಗ್ ಹಗುರಾಗಿ ಹಿಡಿತ ತಪ್ಪುತ್ತದೆ. ಇಳಿಜಾರು ಉಳಿದಿದ್ದರೆ 30ರಿಂದ 40 ಮಿ.ಮೀ. ಎತ್ತಿ, ಅದಕ್ಕಿಂತ ಹೆಚ್ಚು ಬೇಡ.

ಕಿಟ್‌ನ ಸ್ಪೇಸರಿನ (ಶಾಕ್‌ನ ತಲೆಯ ಮೇಲೆ ಕೂರುವ ಬಿಲ್ಲೆಯ) ದಪ್ಪವೂ ಗಾಡಿ ಏರುವ ಎತ್ತರವೂ ಒಂದೇ ಅಲ್ಲ. ಶಾಕ್‌ನ ಕಾಲು ಕೆಳಗಿನ ಆರ್ಮ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ) ನಡುಭಾಗದಲ್ಲಿ ಕೂತಿದೆ, ಚಕ್ರ ಇರುವುದು ಆರ್ಮ್‌ನ ತುದಿಯಲ್ಲಿ. ಹಾಗಾಗಿ ಶಾಕ್‌ನ ತಲೆಯ ಮೇಲೆ 20 ಮಿ.ಮೀ. ಸ್ಪೇಸರ್ ಇಟ್ಟರೆ ಗಾಡಿ ಸುಮಾರು 35ರಿಂದ 40 ಮಿ.ಮೀ. ಏರುತ್ತದೆ. ಡಬ್ಬಿಯ ಮೇಲಿನ ಅಂಕಿ ದಪ್ಪವೋ ಎತ್ತರವೋ ಎಂದು ಕೇಳಿಯೇ ಕೊಳ್ಳಿ.

ಬಿಚ್ಚುವ ಮೊದಲು ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಅಳತೆ ಬರೆದಿಡಿ. ಜ್ಯಾಕ್ ಕೊಟ್ಟು ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಚಕ್ರ ಕಳಚಿದ ಮೇಲೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್‌ಗಳನ್ನು ಬಿಡಿಸಿ. ಇವನ್ನು ಮರೆತರೆ ಆರ್ಮ್ ಕೆಳಗಿಳಿಯುವಾಗ ಎಳೆದು ಹರಿಯುತ್ತವೆ. ಆಮೇಲೆ ಸ್ಟೆಬಿಲೈಸರ್ ಲಿಂಕ್ (ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳಿನ ಕೊಂಡಿ) ಬಿಚ್ಚಿ. ಮೇಲಿನ ಆರ್ಮ್‌ನ ತುದಿಯ ಕೀಲಾದ ಬಾಲ್ ಜಾಯಿಂಟ್‌ನ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಉಳಿಸಿ, ನಕಲ್‌ನ (ಚಕ್ರದ ಹಬ್ ಹೊತ್ತ ಭಾಗದ) ಕಿವಿಗೆ ಸುತ್ತಿಗೆಯಿಂದ ಹೊಡೆದರೆ ಜಾಯಿಂಟ್ ಸಡಿಲವಾಗುತ್ತದೆ. ನಟ್ಟು ಪೂರ್ತಿ ತೆಗೆಯುವಾಗ ನಕಲ್‌ಗೆ ಆಸರೆ ಕೊಟ್ಟಿರಬೇಕು. ಅದು ಹೊರಕ್ಕೆ ಮಗುಚಿದರೆ ಆಕ್ಸಲ್‌ನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ. ಕೊನೆಗೆ ಶಾಕ್‌ನ ಕೆಳ ಬೋಲ್ಟು, ಮೇಲಿನ ಸುತ್ತಿನ ನಟ್ಟುಗಳು. ಶಾಕ್‌ನ ತಲೆಯ ನಟ್ಟನಡುವೆ ಇರುವ ನಟ್ಟನ್ನು ಮಾತ್ರ ಮುಟ್ಟಲೇಬೇಡಿ. ಒತ್ತಿ ಕೂರಿಸಿದ ಸ್ಪ್ರಿಂಗ್ ಅದರ ಹಿಡಿತದಲ್ಲಿದೆ, ಬಿಚ್ಚಿದರೆ ಪ್ರಾಣಕ್ಕೆ ಅಪಾಯ.

ಸ್ಪೇಸರ್ ಇಟ್ಟು ಮತ್ತೆ ಜೋಡಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿಸಿಬಿಡುತ್ತಾರೆ. ಗಾಡಿ ನೆಲಕ್ಕಿಳಿದಾಗ ಬುಷ್ ತಿರುಚಿಕೊಂಡು, ನಿಂತಾಗಲೂ ಆ ತಿರುಚಿನಲ್ಲೇ ಇದ್ದು, ಕೆಲವೇ ತಿಂಗಳಲ್ಲಿ ಸೀಳುತ್ತದೆ. ಕೈಯಲ್ಲಿ ಕೂರಿಸಿ, ಗಾಡಿ ನೆಲದ ಮೇಲೆ ತನ್ನ ಭಾರ ಹೊತ್ತು ನಿಂತ ಮೇಲೆ ಸರ್ವಿಸ್ ಮ್ಯಾನ್ಯುಯಲ್‌ನ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಸಿ. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ ಸರಿಪಡಿಸಿ ಕಳಿಸುವವರಿದ್ದಾರೆ, ಅದು ಸಾಲದು. ಮುಂದೆ ಎತ್ತಿದಾಗ ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿತನ ತೋರುತ್ತದೆ. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್, ಟೋ ಮೂರರ ಪ್ರಿಂಟ್ ಕೇಳಿ ತೆಗೆದುಕೊಳ್ಳಿ.

ಟಯರಿನ ಲೆಕ್ಕ ಹೀಗೆ. ಈಗಿನದರ ವ್ಯಾಸ 763 ಮಿ.ಮೀ., ಹೊಸದರದು ಸುಮಾರು 802. ನೆಲದಿಂದ ಆಕ್ಸಲ್ ಏರುವುದು ಅದರ ಅರ್ಧ, 19 ಮಿ.ಮೀ. ಮೀಟರು 60 ತೋರಿಸುವಾಗ ಗಾಡಿ ಮೊದಲಿಗಿಂತ 5 ಶೇಕಡಾ ಜೋರಾಗಿ, 63ರಷ್ಟರಲ್ಲಿ ಓಡುತ್ತಿರುತ್ತದೆ. ಗೇರ್ ಅಷ್ಟೇ ಉದ್ದವಾಗುವುದರಿಂದ ಘಾಟಿ ಏರುವಾಗ ಬೇಗ ಕೆಳ ಗೇರಿಗೆ ಬರಬೇಕಾಗುತ್ತದೆ. ಉಜ್ಜುತ್ತದೆಯೇ ಎಂದು ನೋಡಲು ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸಾಲದು. ಒಂದು ಮುಂಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಪ್ರಿಂಗ್ ಕುಗ್ಗಿದ ಸ್ಥಿತಿಯಲ್ಲಿ ಎಡಬಲಕ್ಕೆ ತಿರುಗಿಸಿ, ಮಡ್‌ಗಾರ್ಡ್‌ನ ಒಳ ಲೈನರಿನ ಹಿಂಮೂಲೆ ನೋಡಿ. ಕಿಟ್ ನಿಂತ ಎತ್ತರವನ್ನು ಹೆಚ್ಚಿಸುತ್ತದೆ, ಟಯರಿಗೆ ಬೇಕಾದ ಜಾಗವನ್ನು ಎಲ್ಲ ಕಡೆಯೂ ಕೊಡುವುದಿಲ್ಲ. ಲೋಡ್ ಇಂಡೆಕ್ಸ್ (ಟಯರು ಹೊರಬಲ್ಲ ಭಾರದ ಅಂಕಿ) ಹಳೆಯದಕ್ಕಿಂತ ಕಡಿಮೆ ಇರಬಾರದು.

ಸ್ಟೆಪ್ನಿಯನ್ನೂ ಅದೇ ಅಳತೆಗೆ ಬದಲಿಸಿ, ಹಿಂಭಾಗದ ಅಡಿಯಲ್ಲಿ ಅದು ಕೂರುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಒಂದು ಚಕ್ರ ಚಿಕ್ಕದಿರುವಾಗ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಮೇಲೆ ಬೀಳುವ ಒತ್ತಡ ದುಬಾರಿಯಾಗುತ್ತದೆ.

ಇನ್ನು ಹೆಡ್‌ಲೈಟು. ನಿಮ್ಮ ಗಾಡಿಯ ವೀಲ್‌ಬೇಸ್ 3095 ಮಿ.ಮೀ. ಮುಂದೆ 40 ಮಿ.ಮೀ. ಎತ್ತಿದರೆ 10 ಮೀಟರ್ ದೂರದಲ್ಲಿ ಬೆಳಕಿನ ಗೆರೆ ಸುಮಾರು 17 ಸೆಂ.ಮೀ. ಮೇಲೇರುತ್ತದೆ. ಡಿಪ್ ಹಾಕಿಯೂ ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ಶಿರಾಡಿ ಘಾಟಿಯ ರಾತ್ರಿಯಲ್ಲಿ ಇದು ಸಣ್ಣ ವಿಷಯವಲ್ಲ. ಕೆಲಸಕ್ಕೆ ಮುಂಚೆ ಗೋಡೆಯ ಮೇಲೆ ಗೆರೆ ಗುರುತಿಸಿಟ್ಟು, ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಸ್ಕ್ರೂ ತಿರುಗಿಸಿ ಇಳಿಸಿ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ. 2018ರ ಫೋರ್ಡ್ ಎಫ್-150, ಫೋರ್‌ವೀಲ್ ಡ್ರೈವ್. 2 ಇಂಚಿನ ಕಿಟ್ ಹಾಕಿಸಿದ ಮೇಲೆ ಟೂವೀಲ್‌ನಲ್ಲೇ (ಹಿಂಚಕ್ರಗಳಷ್ಟೇ ಎಳೆಯುವಾಗ) ಮುಂಚಕ್ರದ ಹತ್ತಿರ ಕರಕರ ಸದ್ದು. ಬೇರಿಂಗ್ ಹೋಯಿತೇ?

ಉತ್ತರ: ಬೇರಿಂಗ್ ಬದಲಿಸುವ ಮೊದಲು ನಿರ್ವಾತದ ಪೈಪು ನೋಡಿ. ನಿಮ್ಮ ಗಾಡಿಯಲ್ಲಿ ಮುಂಚಕ್ರದ ಹಬ್ ಹತ್ತಿರ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಐಡಬ್ಲ್ಯೂಇ ಎಂಬ ಕ್ಲಚ್ ಇದೆ. ಎಂಜಿನ್ ಎಳೆಯುವ ನಿರ್ವಾತವೇ ಟೂವೀಲ್‌ನಲ್ಲಿ ಅದನ್ನು ಬಿಡಿಸಿ ಹಿಡಿದಿಡುತ್ತದೆ. ಶಾಕ್ ತೆಗೆಯುವಾಗ ನಕಲ್ ಜೋತುಬಿದ್ದು ಆ ಸಣ್ಣ ಪೈಪು ಎಳೆದುಹೋದರೆ ನಿರ್ವಾತ ಸೋರಿ, ಹಲ್ಲುಗಳು ಅರ್ಧ ಕಚ್ಚಿ ಅರ್ಧ ಬಿಟ್ಟು ಉಜ್ಜುತ್ತವೆ. ಸ್ಟೇರಿಂಗ್ ತಿರುಗಿಸಿದಾಗಲೂ ಎಳೆದುಹೋಗದಂತೆ ಪೈಪನ್ನು ಮತ್ತೆ ಕೂರಿಸಿ, ಸೀಳಿದ್ದರೆ ಬದಲಿಸಿ. ಬೇಗ ಮಾಡಿ, ಹಲ್ಲು ಸವೆದರೆ ಕ್ಲಚ್ಚೇ ಹೋಗುತ್ತದೆ. ಫೋರ್‌ವೀಲ್ ಹಾಕಿದಾಗ ಸದ್ದು ನಿಂತರೆ ಅನುಮಾನ ಇನ್ನೂ ಗಟ್ಟಿ. ಆದರೆ ಈ ಪರೀಕ್ಷೆಯನ್ನು ಮಣ್ಣು ಅಥವಾ ಜಲ್ಲಿಯ ಮೇಲೆ ಮಾಡಿ. ಚಕ್ರದ ನಟ್ಟುಗಳನ್ನು 150 ಪೌಂಡ್-ಅಡಿ, ಅಂದರೆ 204 ನ್ಯೂಟನ್ ಮೀಟರ್‌ಗೆ ನಕ್ಷತ್ರದ ಕ್ರಮದಲ್ಲಿ ಬಿಗಿಸಿದ್ದಾರೆಯೇ ಎಂದೂ ನೋಡಿಬಿಡಿ.

ಪ್ರಶ್ನೆ: ಮಡಿಕೇರಿಯಿಂದ. ಕಿಟ್ ಹಾಕಿಸಿದರೆ ಆರ್‌ಟಿಒ ತೊಂದರೆ ಆಗುತ್ತದೆಯೇ?

ಉತ್ತರ: ಆಗಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರೂ ಇದನ್ನೇ ಮುಂದಿಡಬಹುದು. ಖರ್ಚು ಮಾಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ಗಾಡಿಯ ತಯಾರಕರು ಒಪ್ಪಿದ ಅಳತೆಯಲ್ಲೇ ಒಳ್ಳೆಯ ಆಲ್-ಟೆರೈನ್ ಟಯರು ಹಾಕಿಸಿದರೆ, ತೋಟದ ಕೆಸರಿಗೆ ಬೇಕಾದ ಹಿಡಿತದ ಬಹುಪಾಲು ಕಿಟ್ ಇಲ್ಲದೆಯೇ ಸಿಗುತ್ತದೆ.