ಬಂಗಾರಪೇಟೆಯಲ್ಲಿ ಮನೆಯಲ್ಲೇ ಕೂತು ಹಳೇ ಜನನ, ಮದುವೆ, ಮರಣ ದಾಖಲೆ ಟೈಪ್ ಮಾಡುವ ಸ್ವಯಂಸೇವೆ ಮಾಡಬಹುದಾ? ಇಂಗ್ಲಿಷ್ ಅಷ್ಟಕ್ಕಷ್ಟೇ.

ಖಂಡಿತ ಮಾಡಬಹುದು. ನಾನು ಪಕ್ಕದ ಕೆಜಿಎಫ್‌ನವನು, ಇದೇ ಕೆಲಸ ಮಾಡುತ್ತಿದ್ದೇನೆ. ಇಂಗ್ಲಿಷ್ ಮಾತಾಡೋಕೆ ಬರಬೇಕು ಅಂತೇನಿಲ್ಲ. ಅಕ್ಷರ ಗುರುತು ಸಿಗಬೇಕು, ತಾಳ್ಮೆ ಇರಬೇಕು.

ಫ್ರೀಬಿಎಂಡಿಯಿಂದ ಶುರು ಮಾಡಿ. ಇದು ಇಂಗ್ಲೆಂಡ್, ವೇಲ್ಸ್‌ನ ಹಳೇ ಜನನ, ಮದುವೆ, ಮರಣ ಸೂಚಿಗಳನ್ನು ಸ್ವಯಂಸೇವಕರು ಟೈಪ್ ಮಾಡಿ ಹಾಕುವ ವೆಬ್‌ಸೈಟ್. ಇಂಗ್ಲೆಂಡ್, ವೇಲ್ಸ್‌ನಲ್ಲಿ 1837ರ ಜುಲೈನಿಂದ ಸರ್ಕಾರವೇ ಇವನ್ನೆಲ್ಲ ನೋಂದಣಿ ಮಾಡುತ್ತಿದೆ. ಆ ನೋಂದಣಿಯ ಸೂಚಿ ಪುಟಗಳ ಚಿತ್ರ ಕೊಡುತ್ತಾರೆ, ನೋಡಿ ಟೈಪ್ ಮಾಡಬೇಕು. ಸಾಲಿಗೊಂದು ಹೆಸರು, ಜಿಲ್ಲೆ, ಸಂಪುಟ, ಪುಟ. 1866ರಿಂದ ಮರಣದ ಸಾಲಿನಲ್ಲಿ ವಯಸ್ಸೂ ಇರುತ್ತದೆ. ಅಲ್ಲಿ ‘0’ ಮತ್ತೆ ಮತ್ತೆ ಬರುತ್ತದೆ. ವರ್ಷ ತುಂಬದ ಕೂಸುಗಳು. ಅಂಥ ಪುಟದಲ್ಲಿ ನನ್ನ ಕೈ ತಾನಾಗೇ ನಿಧಾನವಾಗುತ್ತದೆ.

ಕಂಡದ್ದನ್ನು ಕಂಡ ಹಾಗೇ ಹಾಕಿ. ವಿಲಿಯಂ ಅನ್ನೋದನ್ನು ಮೊಟಕು ಮಾಡಿ ಬರೆದಿದ್ದರೆ ಮೊಟಕಾಗೇ ಇರಲಿ. ಒಂದು ಅಕ್ಷರ ತಿಳಿಯದಿದ್ದರೆ ಅದರ ಜಾಗದಲ್ಲಿ ಅಡಿಗೆರೆ (_), ಜಾಸ್ತಿ ಇದ್ದರೆ ನಕ್ಷತ್ರ ಚಿಹ್ನೆ (*). ಸುಮ್ನೆ ಊಹೆ ಮಾಡಬೇಡಿ. ಅದೇ ಪುಟವನ್ನು ಇನ್ನೊಬ್ಬರೂ ಟೈಪ್ ಮಾಡುತ್ತಾರೆ, ಎರಡನ್ನೂ ತಾಳೆ ನೋಡುತ್ತಾರೆ.

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ನಂಟಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಗಣಿಗೆ ಕೈ ಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸದವರು ಬಂದರಲ್ವಾ? ಅಲ್ಲಿನ ರೆಡ್‌ರೂತ್ ಜಿಲ್ಲೆ ಸೂಚಿಯಲ್ಲಿ 1852ರಿಂದ ‘5ಸಿ’ ಸಂಪುಟದಲ್ಲಿ ಬರುತ್ತದೆ. ಆ ಹೆಸರು ಕಂಡಾಗಲೆಲ್ಲ ಇವರಲ್ಲಿ ಯಾರು ನಮ್ಮೂರಿಗೆ ಬಂದರೋ ಅನ್ನಿಸುತ್ತದೆ. ಇಂಡಿಯಾದಲ್ಲೇ ತೀರಿಹೋದ ಬ್ರಿಟಿಷರನ್ನು ಹುಡುಕಬೇಕಾದ್ದು ಚರ್ಚ್ ದಾಖಲೆಗಳಲ್ಲಿ. ಮದ್ರಾಸ್ ಕಡೆಯ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂಥವನ್ನು ಫಿಬಿಸ್ ಅನ್ನೋ, ಬ್ರಿಟಿಷ್ ಇಂಡಿಯಾದ ಕುಟುಂಬಗಳ ಮೂಲ ಹುಡುಕುವ ಸಂಘದ ಸ್ವಯಂಸೇವಕರು ಟೈಪ್ ಮಾಡುತ್ತಾರೆ. ಕೈ ಪಳಗಿದ ಮೇಲೆ ಅಲ್ಲೂ ಕೇಳಿ ನೋಡಿ.

ಸುರಂಗದಲ್ಲಿ ದುಡಿದ ನಮ್ಮ ಕನ್ನಡ, ತಮಿಳು, ತೆಲುಗು ಜನರನ್ನು ಇವುಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅದು ನನಗೆ ತುಂಬಾ ಬೇಸರದ ವಿಷಯ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರ ಮದುವೆ ಕಾಗದ, ಹಳೇ ಜನನ ಪತ್ರ ಏನಾದರೂ ಇದ್ದರೆ ಇದೇ ವಾರ ಫೋಟೊ ತೆಗೆದು, ಇದೇ ನಿಯಮದಲ್ಲಿ ಟೈಪ್ ಮಾಡಿಡಿ. ಬದುಕಿರುವವರ ವಿವರ ಮಾತ್ರ ಎಲ್ಲೂ ಹಾಕಬೇಡಿ.