ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮನೆ ಎಲ್ಲಿ ಮಾಡಲಿ?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ನಮ್ಮ ಮನೆಯವರಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಜೂನ್ ಹೊತ್ತಿಗೆ ಎಲ್ಲರೂ ಹೋಗಬೇಕು. ಮಗಳು ಐದನೇ ಕ್ಲಾಸು, ಸ್ಟೇಟ್ ಸಿಲಬಸ್. ಮಗ ಯುಕೆಜಿ. ಅತ್ತೆಗೆ ಬಿಪಿ, ಶುಗರ್, ಜೊತೆಗೆ ಮಂಡಿನೋವು. ಅವರೂ ನಮ್ಮ ಜೊತೆ ಬರುತ್ತಾರೆ. ಆಫೀಸಿನವರು 'ಪಕ್ಕದಲ್ಲೇ ಮನೆ ಮಾಡಿ' ಅನ್ನುತ್ತಾರೆ. ವಿಜಯನಗರದಲ್ಲಿರುವ ಚಿಕ್ಕಪ್ಪ 'ಇಲ್ಲೇ ಬನ್ನಿ, ನಾವಿದ್ದೇವಲ್ಲ' ಅನ್ನುತ್ತಾರೆ. ಬಾಡಿಗೆ 25 ಸಾವಿರ ದಾಟಿದರೆ ನಮಗೆ ಕಷ್ಟ. ಎಲ್ಲಿ ಹುಡುಕಲಿ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮನೆಯಲ್ಲಿ ಐದು ಜನ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಒಬ್ಬರೇ. ಉಳಿದ ನಾಲ್ಕು ಜನರ ದಿನ ಕಳೆಯುವುದು ಮನೆ, ಶಾಲೆ, ತರಕಾರಿ ಅಂಗಡಿ, ಮೆಡಿಕಲ್ ಸ್ಟೋರು, ಪಾರ್ಕು ಇಷ್ಟರೊಳಗೇ. ಆದರೂ ಮನೆ ಹುಡುಕುವಾಗ ಎಲ್ಲರೂ ಆಫೀಸಿನಿಂದಲೇ ಶುರು ಮಾಡುತ್ತಾರೆ. ದಯವಿಟ್ಟು ನೀವು ಮಕ್ಕಳ ಶಾಲೆಯಿಂದ ಶುರು ಮಾಡಿ. ಬೆಂಗಳೂರಿನಲ್ಲಿ ಎರಡು ಮೂರು ವರ್ಷಕ್ಕೆ ಕಂಪನಿ ಬದಲಾಗುವುದು, ಆಫೀಸು ಊರಿನ ಇನ್ನೊಂದು ಮೂಲೆಗೆ ಹೋಗುವುದು ಮಾಮೂಲಿ. ನಿಮ್ಮ ಮಗಳು ಆರನೇ ಕ್ಲಾಸಿಗೆ ಸೇರಿದ ಶಾಲೆಯಲ್ಲೇ ಎಸ್ಎಸ್ಎಲ್‌ಸಿ ಮುಗಿಸುವಂತಾದರೆ ಅವಳಿಗೆ ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಹಾಗಂತ ಅಪ್ಪನ ಓಡಾಟಕ್ಕೆ ಬೆಲೆ ಇಲ್ಲ ಅಂತಲ್ಲ. ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬರುವ ಅಪ್ಪ ಮಕ್ಕಳಿಗೆ ಸಿಗುವುದೇ ಭಾನುವಾರ. ಅದಕ್ಕೇ ನಾನು ಹೇಳುವುದು, ಮನೆ ಆಫೀಸಿನ ಪಕ್ಕ ಇರಬೇಕಿಲ್ಲ, ಆಫೀಸಿಗೆ ಹೋಗುವ ಮೆಟ್ರೋ ಲೈನಿಗೆ ಹತ್ತಿರ ಇರಲಿ.

ನಿಮ್ಮ ವಿಷಯದಲ್ಲಿ ಇದು ಈಗ ಸಾಧ್ಯ ಇದೆ. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಹಲವು ಗಡುವು ದಾಟಿ, ಕೊನೆಗೂ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಸುಮಾರು 19 ಕಿಲೋಮೀಟರ್, 16 ಸ್ಟೇಷನ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು ನೀವೂ ಕೇಳಿರುತ್ತೀರಿ, ಈ ರೈಲು ಅದರ ಮೇಲೆ ದಾಟಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ. ಆರ್.ವಿ. ರೋಡಿನಲ್ಲಿ ಹಸಿರು ಮಾರ್ಗ ಸಿಗುತ್ತದೆ. ಅಂದರೆ ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ಇಷ್ಟೂ ಜಾಗದಿಂದ ಒಂದೇ ಒಂದು ಸಲ ರೈಲು ಬದಲಿಸಿದರೆ ಸಾಕು.

ನನ್ನ ಸಲಹೆ ಕೇಳಿದರೆ ಈ ಪಟ್ಟಿಯಲ್ಲೇ ಹುಡುಕಿ. ಜಯನಗರ, ಬಸವನಗುಡಿ ಚೆನ್ನಾಗಿವೆ, ಆದರೆ 25 ಸಾವಿರಕ್ಕೆ ಐದು ಜನಕ್ಕೆ ಸಾಕಾಗುವ ಮನೆ ಸಿಗುವುದು ಕಷ್ಟ. ಬನಶಂಕರಿಯ ಒಳಭಾಗ, ಯಲಚೇನಹಳ್ಳಿ, ಕೋಣನಕುಂಟೆ ಕಡೆ ಸಿಗುವ ಸಾಧ್ಯತೆ ಜಾಸ್ತಿ. ಇಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ನಿಮ್ಮ ಅತ್ತೆಗೆ ಇದು ಸಣ್ಣ ವಿಷಯ ಅಲ್ಲ. ಊರಲ್ಲಿ ಬಾಗಿಲಿಗೆ ಬಂದರೆ ಮಾತಿಗೆ ಜನ ಸಿಗುತ್ತಿದ್ದವರು, ಇಲ್ಲಿ ಏಳನೇ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಎರಡೇ ತಿಂಗಳಲ್ಲಿ 'ನನ್ನ ಊರಿಗೆ ಕಳಿಸಿಬಿಡ್ರಪ್ಪಾ' ಅನ್ನುತ್ತಾರೆ. ಎಷ್ಟು ಮನೆಗಳಲ್ಲಿ ಹೀಗಾಗಿದೆ! ಹತ್ತಿರ ಒಂದು ದೇವಸ್ಥಾನ, ಕೂರಲು ಕಲ್ಲುಬೆಂಚಿರುವ ಪಾರ್ಕು, ನಡೆದು ಹೋಗಬಹುದಾದ ಕ್ಲಿನಿಕ್ಕು ಇದೆಯಾ ನೋಡಿ. ಮನೆ ನೆಲಮಹಡಿಯಲ್ಲಿರಲಿ, ಇಲ್ಲವೇ ಲಿಫ್ಟ್ ಇರಲಿ. ಮಂಡಿನೋವಿದ್ದವರಿಗೆ ಎರಡನೇ ಮಹಡಿ ಅಂದರೆ ಮನೆಯೊಳಗೇ ಬಂಧನ. ದೊಡ್ಡ ತೊಂದರೆ ಬಂದರೆ ಜಯನಗರ 9ನೇ ಬ್ಲಾಕಿನ ಜಯದೇವ ಹೃದ್ರೋಗ ಆಸ್ಪತ್ರೆ ಇದೇ ದಿಕ್ಕಿನಲ್ಲಿದೆ.

ಇನ್ನೊಂದು ಲಾಭ ಇದೆ. ಹಸಿರು ಮಾರ್ಗ ಮೆಜೆಸ್ಟಿಕ್, ಯಶವಂತಪುರ ಎರಡನ್ನೂ ಮುಟ್ಟುತ್ತದೆ. ದಾವಣಗೆರೆಯ ರೈಲುಗಳು ಬರುವುದು ಅಲ್ಲಿಗೇ ತಾನೆ? ಹಬ್ಬಕ್ಕೆ ಊರಿಗೆ ಹೋಗುವಾಗ ಬ್ಯಾಗು, ಮಕ್ಕಳು, ಅತ್ತೆ ಎಲ್ಲರನ್ನೂ ಕಟ್ಟಿಕೊಂಡು ಆಟೋದವರ ಜೊತೆ ಚೌಕಾಸಿ ಮಾಡುವುದು ತಪ್ಪುತ್ತದೆ.

ಚಿಕ್ಕಪ್ಪನ ಮಾತು ಪ್ರೀತಿಯದ್ದೇ. ಆದರೆ ವಿಜಯನಗರ ನೇರಳೆ ಮಾರ್ಗದಲ್ಲಿದೆ. ಮೆಜೆಸ್ಟಿಕ್ಕಿನಲ್ಲಿ ಒಂದು ಸಲ, ಆರ್.ವಿ. ರೋಡಿನಲ್ಲಿ ಇನ್ನೊಂದು ಸಲ ರೈಲು ಬದಲಿಸಬೇಕು. ಬೆಳಿಗ್ಗೆ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಬದಲಿಸುವುದು ಅಂದರೆ ಎಸ್ಕಲೇಟರ್ ಹತ್ತಲೂ ಕ್ಯೂ. ವಾರಕ್ಕೆ ಎರಡು ದಿನ ಮಾತ್ರ ಆಫೀಸು ಅನ್ನುವುದಾದರೆ ವಿಜಯನಗರ ಖಂಡಿತ ಯೋಚಿಸಿ, ಸಂಬಂಧಿಕರು ಹತ್ತಿರ ಇರುವುದು ಚಿಕ್ಕ ಮಕ್ಕಳಿರುವ ಮನೆಗೆ ದೊಡ್ಡ ಬಲ. ದಿನಾ ಹೋಗಬೇಕಾದರೆ ಬೇಡ.

ಆಫೀಸಿನ ಪಕ್ಕದ ಮಾತು. ನೀಲಾದ್ರಿ ರಸ್ತೆ, ದೊಡ್ಡತೋಗೂರು ಕಡೆ ಪಿಜಿಗಳು ತುಂಬಾ. ಇನ್ನೂ ಮುಂದೆ ಹೆಬ್ಬಗೋಡಿ, ಚಂದಾಪುರ ಕಡೆ ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ, ಆದರೆ ಹೆಚ್ಚಿನ ಕಡೆ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ. ಅಲ್ಲೂ ಒಳ್ಳೆಯ ಲೇಔಟ್‌ಗಳಿವೆ. ಶಾಲೆ ಅಲ್ಲೇ ಇಷ್ಟವಾದರೆ ಹೋಗಿ, ಆಫೀಸು ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಹೋಗಬೇಡಿ.

ಶಾಲೆಗೆ ಈಗಲೇ ಓಡಾಡಿ, ಮೇ ತಿಂಗಳವರೆಗೆ ಕಾಯಬೇಡಿ. ಬೇಡಿಕೆ ಇರುವ ಶಾಲೆಗಳಲ್ಲಿ ಅಷ್ಟು ಹೊತ್ತಿಗೆ ಸೀಟು ಮುಗಿದಿರುತ್ತದೆ. ಸ್ಟೇಟ್ ಸಿಲಬಸ್ಸಿನಲ್ಲೇ ಮುಂದುವರಿಸಿದರೆ ಮಗಳಿಗೆ ಹೊಂದಿಕೊಳ್ಳುವುದು ಸುಲಭ. ಟಿಸಿ ಜೊತೆ ಅವಳ ಸ್ಯಾಟ್ಸ್ ನಂಬರ್ (ಶಾಲೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ರಾಜ್ಯದೊಳಗೆ ಎಲ್ಲಿಗೆ ಹೋದರೂ ಅದೇ ನಂಬರ್ ಕೇಳುತ್ತಾರೆ. ಕನ್ನಡವನ್ನು ಯಾವ ಭಾಷೆಯಾಗಿ ಕಲಿಸುತ್ತೀರಿ ಅಂತ ನೇರವಾಗಿ ಕೇಳಿ. ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು ಅನ್ನುತ್ತದೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ. ಅದಕ್ಕೆ 'ಅದೆಲ್ಲಾ ಆಮೇಲೆ ನೋಡೋಣ' ಅನ್ನುವ ಶಾಲೆಯಿಂದ ಸುಮ್ನೆ ಎದ್ದು ಬನ್ನಿ.

ಮನೆ ನೋಡಲು ಹೋದಾಗ ಮಾತ್ರ ಬ್ರೋಕರ್ ಹೇಳಿದ್ದನ್ನು ಹಾಗೇ ನಂಬಬೇಡಿ. ಬಚ್ಚಲಿನ ನಲ್ಲಿಯ ಬಾಯಿ ನೋಡಿ. ಬಿಳಿ ಪದರ ಗಟ್ಟಿಯಾಗಿ ಕೂತಿದ್ದರೆ ಆ ಮನೆಗೆ ಬರುತ್ತಿರುವುದು ಹೆಚ್ಚಾಗಿ ಬೋರ್ ನೀರು. 'ಕಾವೇರಿ ಇದೆ' ಅಂದರೆ ಜಲಮಂಡಳಿ ಬಿಲ್ ತೋರಿಸಿ ಅನ್ನಿ. ಆಮೇಲೆ ಬೀದಿ ಕೊನೆಯಲ್ಲಿ ಇಸ್ತ್ರಿ ಗಾಡಿ ಇಟ್ಟವರನ್ನು ಮಾತಾಡಿಸಿ. ನೀರು ಯಾವ ದಿನ ಬರುತ್ತೆ, ಕರೆಂಟು ಎಷ್ಟು ಸಲ ಹೋಗುತ್ತೆ, ಆ ಮನೆಗೆ ಬಾಡಿಗೆದಾರರು ಯಾಕೆ ನಿಲ್ಲುವುದಿಲ್ಲ, ಎಲ್ಲಾ ಅವರಿಗೆ ಗೊತ್ತಿರುತ್ತದೆ. ಹಗಲು ಒಂದು ಸಲ ನೋಡಿದ ಬೀದಿಯನ್ನು ರಾತ್ರಿ ಎಂಟಕ್ಕೆ ಇನ್ನೊಂದು ಸಲ ನೋಡಿ. ದೀಪ ಉರಿಯುತ್ತದಾ, ಹೆಣ್ಣುಮಕ್ಕಳು ಓಡಾಡುತ್ತಿದ್ದಾರಾ, ಬೀದಿನಾಯಿ ಕಾಟ ಎಷ್ಟಿದೆ ಅನ್ನುವುದೆಲ್ಲ ಆಗಲೇ ತಿಳಿಯುವುದು. ಮಗಳನ್ನೂ ಕರೆದುಕೊಂಡು ಹೋಗಿ. ಊರು ಬಿಡುತ್ತಿರುವವಳು ಅವಳೂ ಅಲ್ವಾ?

ಪ್ರಶ್ನೆ: ಮೈಸೂರಿನಿಂದ ವೈಟ್‌ಫೀಲ್ಡ್ ಕೆಲಸಕ್ಕೆ ಹೋಗುತ್ತಿದ್ದೇನೆ. ಹೆಂಡತಿ, ನಾಲ್ಕು ವರ್ಷದ ಮಗ. ಸರ್ಜಾಪುರ ರಸ್ತೆಯ ಕಡೆ ಈಜುಕೊಳ, ಆಟದ ಜಾಗ ಎಲ್ಲಾ ಇರುವ ಅಪಾರ್ಟ್‌ಮೆಂಟ್ ಇಷ್ಟವಾಗಿದೆ. ಮುಂದೆ ಮೆಟ್ರೋ ಬರುತ್ತೆ ಅಂತ ಮಾಲೀಕರು ಹೇಳಿದರು. ತಗೊಳ್ಳಲಾ?
— ಓದುಗರು, ಮೈಸೂರು

ಉತ್ತರ: ಬಾಡಿಗೆ ಮನೆಗೆ ಇವತ್ತು ಓಡುವ ರೈಲೇ ಲೆಕ್ಕ, ಮುಂದೆ ಬರುವುದು ಲೆಕ್ಕಕ್ಕಿಲ್ಲ. ವೈಟ್‌ಫೀಲ್ಡಿಗೆ ಈಗ ನೇರಳೆ ಮಾರ್ಗ ಇದೆ, 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಪೂರ್ತಿ 43 ಕಿಲೋಮೀಟರ್ ಓಡುತ್ತಿದೆ. ಕೆ.ಆರ್. ಪುರದಿಂದ ಕಾಡುಗೋಡಿವರೆಗಿನ ಯಾವುದಾದರೂ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಮೊದಲು ಹುಡುಕಿ. ಮೈಸೂರಿಗೆ ಹೋಗಿಬರಲು ಅನುಕೂಲ ಅಂತ ಕೆಂಗೇರಿಯಲ್ಲಿ ಮನೆ ಮಾಡುವವರಿದ್ದಾರೆ. ಆದರೆ ದಿನಾ ಆ ತುದಿಯಿಂದ ಈ ತುದಿಗೆ ಹೋಗಿಬರುವುದು ಮೈಗೆ ಒಗ್ಗುವುದಿಲ್ಲ.

ಆ ಅಪಾರ್ಟ್‌ಮೆಂಟ್ ಬಿಡಿ ಅಂತ ನಾನು ಹೇಳುವುದಿಲ್ಲ, ನಾಲ್ಕು ವರ್ಷದ ಹುಡುಗನಿಗೆ ಗೇಟಿನೊಳಗೆ ಓಡಾಡಲು ಜಾಗ ಇರುವುದು ನಿಜಕ್ಕೂ ಒಳ್ಳೆಯದು. ಆದರೆ ಎರಡು ವಿಷಯ ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ. ಒಂದು ಮಳೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಲೇಔಟ್‌ಗಳಿಗೆ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತರಬೇಕಾಯಿತು. ಕೋಟಿ ಬೆಲೆಯ ಮನೆಗಳೂ ಮುಳುಗಿದವು, ಯಾಕೆಂದರೆ ನೀರು ಹರಿಯುವ ರಾಜಕಾಲುವೆ, ಕೆರೆಯಂಗಳಗಳು ಒತ್ತುವರಿಯಾಗಿದ್ದವು. ಹತ್ತಿರದ ಕೆರೆ, ರಾಜಕಾಲುವೆ ಎಲ್ಲಿವೆ ಅಂತ ಮ್ಯಾಪಿನಲ್ಲಿ ನೋಡಿ. ಆ ವರ್ಷ ಬೇಸ್‌ಮೆಂಟಿಗೆ ನೀರು ಬಂದಿತ್ತಾ ಅಂತ ಸೆಕ್ಯುರಿಟಿಯವರನ್ನು ಕೇಳಿ. ಇನ್ನೊಂದು ಬೇಸಿಗೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಆ ಕಡೆಯ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರಿಗೆ ಕಾದು ಕೂತಿದ್ದವು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ. ಪೈಪು ಊರಿಗೆ ಬಂದ ಮಾತ್ರಕ್ಕೆ ನಿಮ್ಮ ಕಟ್ಟಡಕ್ಕೆ ಬಂದಿದೆ ಅಂತಲ್ಲ, ಕನೆಕ್ಷನ್ ತಗೊಂಡಿದ್ದಾರಾ ಕೇಳಿ. ಕಳೆದ ಏಪ್ರಿಲ್ ತಿಂಗಳ ಮೇಂಟೆನೆನ್ಸ್ ಬಿಲ್ ಒಂದು ತೋರಿಸಿ ಅನ್ನಿ. ಟ್ಯಾಂಕರ್ ಖರ್ಚು ಅದರಲ್ಲೇ ಇರುತ್ತದೆ.

ಪ್ರಶ್ನೆ: 18 ಸಾವಿರ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಬೆಂಗಳೂರಲ್ಲಿ ಹೀಗೇನಾ?
— ಓದುಗರು, ಹಾವೇರಿ

ಉತ್ತರ: ಹಳೆಯ ರೂಢಿ ಹಾಗೇ ಇತ್ತು, ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರು ಬೇಕಾದಷ್ಟಿದ್ದಾರೆ. ಧೈರ್ಯವಾಗಿ ಕೇಳಿ. ಕುಟುಂಬ, ಮಕ್ಕಳು, ವರ್ಷಾನುಗಟ್ಟಲೆ ಇರುವವರು ಅಂದರೆ ಎಷ್ಟೋ ಜನ ಇಳಿಸುತ್ತಾರೆ. ದುಡ್ಡು ಕೈಯಲ್ಲಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಕೊಡಿ. 11 ತಿಂಗಳ ಕರಾರಿನಲ್ಲಿ ವರ್ಷಕ್ಕೆ ಬಾಡಿಗೆ ಎಷ್ಟು ಏರಿಸುತ್ತಾರೆ, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸ್ ಕೊಡುತ್ತಾರೆ ಅನ್ನುವ ಮೂರನ್ನೂ ಬರೆಸಿ. ಮನೆಗೆ ಸಾಮಾನು ಇಳಿಸುವ ಮೊದಲು ಗೋಡೆ, ನಲ್ಲಿ, ಸ್ವಿಚ್ಚು, ಬಾಗಿಲಿನ ಫೋಟೋ ತೆಗೆದು ಅವತ್ತೇ ಮಾಲೀಕರಿಗೆ ವಾಟ್ಸಾಪ್ ಮಾಡಿ.