.357 ಸಿಂಗಲ್ ಆಕ್ಷನ್ ರಿವಾಲ್ವರಿನಲ್ಲಿ ಖಾಲಿ ಕೇಸುಗಳು ಏಕೆ ಸಿಕ್ಕಿಕೊಳ್ಳುತ್ತವೆ?

ಟೆಕ್ಸಾಸಿನಲ್ಲಿ .357 ಮ್ಯಾಗ್ನಮ್ ಸಿಂಗಲ್ ಆಕ್ಷನ್ ರಿವಾಲ್ವರೊಂದನ್ನು, ಅಂದರೆ ಪ್ರತಿ ಗುಂಡಿಗೂ ಹ್ಯಾಮರನ್ನು ಕೈಯಿಂದ ಹಿಂದಕ್ಕೆಳೆಯಬೇಕಾದ ರಿವಾಲ್ವರನ್ನು, ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದೀರಿ. ಅದರಲ್ಲೇ ಹಾಕಬಹುದಾದ ಗಿಡ್ಡ .38 ಸ್ಪೆಷಲ್ ತೋಟಾ ಹಾರಿಸಿದಾಗ ಖಾಲಿ ಕೇಸುಗಳು (ತೋಟಾದ ಹಿತ್ತಾಳೆ ಕವಚಗಳು) ಸಲೀಸಾಗಿ ಹೊರಬೀಳುತ್ತವೆ, ಅದರ ಬೆನ್ನಿಗೇ ಮ್ಯಾಗ್ನಮ್ ಹಾರಿಸಿದರೆ ಜಗ್ಗುವುದಿಲ್ಲ. ಖಾಲಿ ಕೇಸನ್ನು ಹೊರದಬ್ಬುವ ಎಜೆಕ್ಟರ್ ರಾಡಿನ ಸ್ಪ್ರಿಂಗ್ ಬದಲಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಬೇಡ. ಆ ಸ್ಪ್ರಿಂಗ್ ಇರುವುದು ರಾಡನ್ನು ಮುಂದಕ್ಕೆ, ಅದರ ಜಾಗಕ್ಕೆ ಮರಳಿಸುವುದಕ್ಕಷ್ಟೇ. ಕೇಸನ್ನು ಹೊರಗೆ ದಬ್ಬುವ ಬಲ ನಿಮ್ಮ ಕೈಯದು. 1873ರ ಕೋಲ್ಟ್ ರಿವಾಲ್ವರಿನಿಂದ ಇಂದಿನವರೆಗೂ ವ್ಯವಸ್ಥೆ ಬಹುಮಟ್ಟಿಗೆ ಅದೇ: ರಾಡು ಮುಂದಿನಿಂದ ಚೇಂಬರನ್ನು (ಸಿಲಿಂಡರಿನಲ್ಲಿ ತೋಟಾ ಕೂರುವ ಕುಳಿಯನ್ನು) ಹೊಕ್ಕು, ಖಾಲಿ ಕೇಸಿನ ಒಳತಳವನ್ನು ಒತ್ತಿ, ಹಿಂಬದಿಯ ಗೇಟಿನ ಮೂಲಕ ಒಂದೊಂದನ್ನೇ ಹೊರಹಾಕುತ್ತದೆ.

ನೀವು ಹೇಳಿದ ಲಕ್ಷಣವನ್ನು ನೋಡಿದರೆ ನನ್ನ ಅನುಮಾನವೆಲ್ಲ ಚೇಂಬರಿನೊಳಗಿನ ಮಸಿಯ ಮೇಲೆ. .38 ಸ್ಪೆಷಲ್ ಕೇಸಿನ ಉದ್ದ ಸುಮಾರು 29.3 ಮಿಲಿಮೀಟರ್, ಮ್ಯಾಗ್ನಮ್ ಕೇಸಿನದು ಸುಮಾರು 32.8. ಆದ್ದರಿಂದ ಗಿಡ್ಡ ಕೇಸಿನ ಬಾಯಿ ಮುಗಿಯುವಲ್ಲಿಂದ ಮುಂದೆ, ಮೂರೂವರೆ ಮಿಲಿಮೀಟರಿನಷ್ಟು ಜಾಗದಲ್ಲಿ, ಮಸಿ ಮತ್ತು ಸೀಸದ ಕಿಟ್ಟ ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಮ್ಯಾಗ್ನಮ್ ಕೇಸಿನ ಬಾಯಿ ಕೂರಬೇಕಾದದ್ದು ಸರಿಯಾಗಿ ಅಲ್ಲಿಯೇ. ಹಾರಿದ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ಗೋಡೆಗೆ ಒತ್ತಿಕೊಂಡು, ಒತ್ತಡ ಇಳಿದೊಡನೆ ತುಸು ಕುಗ್ಗಬೇಕು. ಬಾಯಿಯನ್ನು ಕಿಟ್ಟ ಹಿಡಿದುಕೊಂಡರೆ ಆ ಕುಗ್ಗುವಿಕೆ ಸಾಲುವುದಿಲ್ಲ. .38ರ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಮ್ಯಾಗ್ನಮ್‌ನದು 35,000 ಎಂಬುದನ್ನೂ ಇದರ ಜೊತೆಗೆ ನೆನೆಯಿರಿ: ಒತ್ತಡ ಹೆಚ್ಚಿದಷ್ಟೂ ಕೇಸು ಗೋಡೆಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ.

ಸ್ವಚ್ಛಗೊಳಿಸುವ ಮೊದಲು ಆರೂ ಚೇಂಬರುಗಳು ಖಾಲಿ ಇವೆಯೆಂದು ಕಣ್ಣಾರೆ ಕಂಡುಕೊಳ್ಳಿ. ಹಾರದೆ ಉಳಿದ ತೋಟಾ ಇದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಸಿಕ್ಕಿಕೊಂಡ ಜೀವಂತ ತೋಟಾವನ್ನು ಎಂದಿಗೂ ಬಡಿದು ತೆಗೆಯಬಾರದು, ಬಂದೂಕು ದುರಸ್ತಿ ಮಾಡುವ ಗನ್‌ಸ್ಮಿತ್ ಬಳಿ ಒಯ್ಯಬೇಕು. ಬಳಿಕ ಸಿಲಿಂಡರಿನ ಅಚ್ಚಾದ ಬೇಸ್ ಪಿನ್ ಎಳೆದು ಸಿಲಿಂಡರನ್ನು ಹೊರತೆಗೆದು, ಚೇಂಬರುಗಳನ್ನು ಸಾಲ್ವೆಂಟಿನಲ್ಲಿ ಚೆನ್ನಾಗಿ ನೆನೆಯಿಸಿ, ಒಂದು ಅಳತೆ ದೊಡ್ಡದಾದ, ಅಂದರೆ .40 ಕ್ಯಾಲಿಬರಿನ ಕಂಚಿನ ಬ್ರಷ್ಷನ್ನು ತಿರುಗಿಸುತ್ತ ಉಜ್ಜಿ. ನಳಿಗೆಯ ಬ್ರಷ್ಷು ಈ ಕಿಟ್ಟವನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಕೀಳುವುದಿಲ್ಲ. ಕೊನೆಯಲ್ಲಿ ಒಣಬಟ್ಟೆಯಿಂದ ಒರೆಸಿ, ಚೇಂಬರಿನಲ್ಲಿ ಎಣ್ಣೆ ಉಳಿಸಬೇಡಿ. ಎಣ್ಣೆ ಇದ್ದರೆ ಕೇಸು ಗೋಡೆಯನ್ನು ಹಿಡಿಯದೆ ಹಿಂದಿನ ಫ್ರೇಮಿನ ಮೇಲೆ ಹೆಚ್ಚು ಬಲ ಹೇರುತ್ತದೆ.

ಇಷ್ಟಾದರೂ ತೊಂದರೆ ಉಳಿದರೆ ಚೇಂಬರುಗಳಿಗೆ ಮಾರ್ಕರಿನಲ್ಲಿ ಒಂದರಿಂದ ಆರರವರೆಗೆ ಗುರುತು ಹಾಕಿ, ಯಾವುದರಲ್ಲಿ ಸಿಕ್ಕಿಕೊಳ್ಳುತ್ತದೆಂದು ಬರೆದಿಡಿ. ಹಳೆಯ ರಿವಾಲ್ವರುಗಳ ವಿಷಯದಲ್ಲಿ ಈ ಅಗ್ಗದ ಪರೀಕ್ಷೆಗಿಂತ ಹೆಚ್ಚು ತಿಳಿಸಿಕೊಡುವುದು ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಪ್ರತಿ ಬಾರಿಯೂ ಅದೇ ಒಂದೆರಡು ಚೇಂಬರುಗಳಾದರೆ ಅಲ್ಲಿ ಉಪಕರಣದ ಗೀರೋ, ತುಕ್ಕಿನ ಗುಳಿಯೋ, ಹಿಂದಿನ ಮಾಲೀಕರ ಅತಿ ಬಲದ ತೋಟಾಗಳಿಂದಾದ ಉಬ್ಬೋ ಇರಬಹುದು. ಅದನ್ನು ಮರಳುಕಾಗದದಿಂದ ನೀವೇ ತಿಕ್ಕಲು ಹೋಗಬೇಡಿ. ಆರರಲ್ಲೂ ಸಿಕ್ಕಿಕೊಳ್ಳುತ್ತಿದ್ದರೆ ಬೇರೆ ತಯಾರಿಕೆಯ ತೋಟಾ ಹಾಕಿ ನೋಡಿ.

ರಾಡಿನ ಭಾಗದಲ್ಲಿ ನೋಡಬೇಕಾದದ್ದು ಕಡಿಮೆ. ಅದರ ಕವಚವನ್ನು ನಳಿಗೆಗೆ ಹಿಡಿದಿರುವುದು ಒಂದೇ ತಿರುಪು. ಹಿಮ್ಮೆಟ್ಟಿಕೆಗೆ ಅದು ಸಡಿಲವಾಗುತ್ತದೆ, ಒಂದು ತೊಟ್ಟು ನೀಲಿ ಥ್ರೆಡ್‌ಲಾಕರ್ (ತಿರುಪನ್ನು ಹಿಡಿದಿಡುವ ಅಂಟು) ಸಾಕು. ರಾಡಿನ ಹಿಡಿಕೆಗೆ ಸುತ್ತಿಗೆಯಿಂದ ಹೊಡೆದರೆ ರಾಡು ಬಾಗುತ್ತದೆ. ಮೊಂಡು ಖಾಲಿ ಕೇಸಿಗೆ ಸಿಲಿಂಡರನ್ನು ಬಿಚ್ಚಿ ಮರದ ಕಡ್ಡಿಯಿಂದ ಮುಂದಿನಿಂದ ತಟ್ಟಿದರೆ ಹಾನಿಯಿಲ್ಲ. ನಿಮ್ಮದು 1973ರ ನಂತರದ ರೂಗರ್ ನ್ಯೂ ಮಾಡೆಲ್ ಬ್ಲ್ಯಾಕ್‌ಹಾಕ್ ಆಗಿದ್ದರೆ, ಕೇಸು ತೆಗೆಯಲು ಸಿಲಿಂಡರನ್ನು ಕೈಯಿಂದ ತಿರುಗಿಸುವಾಗ ಕ್ಲಿಕ್ ಎಂಬ ಸದ್ದು ಕೇಳುವ ಹೊತ್ತಿಗೆ ಚೇಂಬರ್ ರಾಡಿನ ನೇರವನ್ನು ತುಸು ದಾಟಿರುತ್ತದೆ, ರಾಡು ಸಿಲಿಂಡರಿನ ಅಂಚಿಗೆ ತಾಗುತ್ತದೆ. ಸದ್ದಿಗೆ ಸ್ವಲ್ಪ ಮೊದಲೇ ನಿಲ್ಲಿಸುವುದು ರೂಢಿಯಾಗಬೇಕು.

ಸಿಕ್ಕಿಕೊಂಡ ಕೇಸುಗಳ ಪ್ರೈಮರುಗಳು (ಕೇಸಿನ ತಳದಲ್ಲಿರುವ, ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲುಗಳು) ಚಪ್ಪಟೆಯಾಗಿ ಅಂಚಿನವರೆಗೂ ಹರಡಿಕೊಂಡಿದ್ದರೆ ಮಾತ್ರ, ಅದರಲ್ಲಿಯೂ ಅವು ಮನೆಯಲ್ಲಿ ತುಂಬಿದ ತೋಟಾಗಳಾಗಿದ್ದರೆ, ಮಸಿಯ ವಿಚಾರವನ್ನು ಬದಿಗಿಟ್ಟು ಹಾರಿಸುವುದನ್ನು ಅಲ್ಲಿಯೇ ನಿಲ್ಲಿಸಿ: ಅದು ಅತಿ ಒತ್ತಡದ ಗುರುತು, ಅದೇ ಸಲ ತಯಾರಿಸಿದ ಉಳಿದ ತೋಟಾಗಳನ್ನು ಯಾವ ರಿವಾಲ್ವರಿಗೂ ಹಾಕಬಾರದು.